ಹಳೇ ಬಾಗಿಲ ಮೇಲಿನ ಚೀಟಿ

ಟೈಲರಮ್ಮ ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆಯದೆಯೇ ಲ್ಯಾಪ್‌ಟಾಪನ್ನು ಇನ್‌ಸ್ಪೆಕ್ಟರಮ್ಮನ ಕಡೆ ತಿರುಗಿಸಿದಳು.

"ನೀವೇ ನೋಡಿ. ಕಾಣೆಯಾದವರ ಪೋಸ್ಟರಿನಲ್ಲಿದ್ದ ವಿಳಾಸಾನೇ ಒತ್ತಿದೀನಿ. ಮೊನ್ನೆಯಿಂದ ಇದೇ ರಾಗ."

ಪರದೆಯ ಮೇಲೆ ಬೋಳು ಪುಟ. ನಡುವೆ ಬೂದು ಅಕ್ಷರದ ಒಂದೇ ಸಾಲು: ಈ ವಿಳಾಸ ಸಿಗುತ್ತಿಲ್ಲ.

ಇನ್‌ಸ್ಪೆಕ್ಟರಮ್ಮ ತನ್ನ ಫೋನ್ ತೆಗೆದು ಅದೇ ವಿಳಾಸ ಒತ್ತಿದಳು. ಅಲ್ಲಿ ಮುಖ ಮೂಡಿತು. ಲಿಫ್ಟ್ ರಿಪೇರಿಯವನ ಮುಖ, ಅರ್ಧ ನಗು, ಅಂಗಿಯ ಜೇಬಿನ ಮೇಲೆ ಕಂಪನಿಯ ನೀಲಿ ಗುರುತು. ಕೆಳಗೆ, 'ಇವರನ್ನು ಕಂಡಿದ್ದರೆ ಇಲ್ಲಿ ಬರೆಯಿರಿ.'

ಕೆಲಸದ ಚೀಲ ಹೆಗಲಿಗೇರಿಸಿಕೊಂಡು ಮನೆಯಿಂದ ಹೊರಟ ಆ ಮನುಷ್ಯ ಮರಳದೆ ತಿಂಗಳಾಗುತ್ತ ಬಂದಿತ್ತು. ಕಾಣೆಯಾದವರನ್ನು ಹುಡುಕಿಕೊಡುವ ಕೇಂದ್ರದವರು ತೆರೆದ ಈ ಪುಟವೊಂದೇ ಇನ್‌ಸ್ಪೆಕ್ಟರಮ್ಮನಿಗೆ ಉಳಿದಿದ್ದ ಆಸೆ. ಅದರ ಮೂಲಕ ಇದುವರೆಗೆ ಒಂದು ಸುಳಿವೂ ಬಂದಿರಲಿಲ್ಲ.

"ಫೋನಿಗೊಂದು ಕಾನೂನು, ಲ್ಯಾಪ್‌ಟಾಪಿಗೊಂದು ಕಾನೂನಾ?" ಎಂದ ದೊಡ್ಡಪ್ಪ, ಬಾಗಿಲಿಗೆ ಒರಗಿ ನಿಂತಲ್ಲಿಂದಲೇ.

ಅವನು ಠಾಣೆಯ ಹಿರಿಯ ಪೇದೆ. ಎಲ್ಲರಿಗೂ ದೊಡ್ಡಪ್ಪ. ಈ ಅಂಗಡಿ ಪತ್ತೆಯಾದದ್ದೂ ಅವನ ಹೊಟ್ಟೆಯ ಪುಣ್ಯದಿಂದಲೇ. ಸಮವಸ್ತ್ರದ ಪ್ಯಾಂಟು ಮತ್ತೆ ಬಿಗಿಯಾಗಿ, ಸಡಿಲ ಮಾಡಿಸಲು ಬಂದಿದ್ದ. ಟೈಲರಮ್ಮ ಸೊಂಟದ ಸುತ್ತ ಟೇಪು ಹಿಡಿದು, "ಆ ಲಿಫ್ಟಿನವರು ಸಿಕ್ಕಿದ್ರಾ? ನಾನು ಅಷ್ಟೆಲ್ಲ ಬರೆದು ಕಳಿಸಿದೆ, ಒಂದು ನರಪಿಳ್ಳೆಯೂ ಇತ್ತ ತಲೆ ಹಾಕಲಿಲ್ಲ" ಎಂದಿದ್ದಳು. ದೊಡ್ಡಪ್ಪ ಉಸಿರು ಹಿಡಿದುಕೊಂಡಿದ್ದನ್ನೇ ಮರೆತು ಬಿಟ್ಟುಬಿಟ್ಟನಂತೆ. ಅಳತೆ ಮತ್ತೆ ತೆಗೆಯಬೇಕಾಯಿತು.

"ಏನು ಬರೆದಿದ್ರಿ?" ಇನ್‌ಸ್ಪೆಕ್ಟರಮ್ಮ ಸ್ಟೂಲು ಎಳೆದುಕೊಂಡು ಕುಳಿತಳು. ಕುಳಿತ ಮೇಲೆ ಏಳಲು ಮನಸ್ಸಾಗುವುದಿಲ್ಲ ಎಂಬುದು ಮಂಡಿಗೆ ಗೊತ್ತಿತ್ತು.

"ಕಾಣೆಯಾದ್ರು ಅಂತೀರಲ್ಲ, ಅದರ ಮಾರನೇ ದಿನ ಅವರು ಇಲ್ಲಿಗೆ ಬಂದಿದ್ರು ಅಂತ. ಈಗ ನೀವು ಕೂತಿರೋ ಸ್ಟೂಲ್ ಮೇಲೇ ಕೂತಿದ್ರು. ಜೇಬಿನ ಮೇಲಿನ ಗುರುತು ಬಿಚ್ಚಿಕೊಡಿ ಅಂದ್ರು. ಅಂಗಿ ಇನ್ನೂ ಗಟ್ಟಿಯಾಗಿದೆ, ಯಾಕೆ ಗುರುತು ಬಿಚ್ತೀರಾ ಅಂದೆ. ಕೆಲಸ ಬಿಟ್ಟೆ ಅಂದ್ರು. ಕೊಟ್ಟ ನೀರೂ ಕುಡೀದೆ ರಸ್ತೆ ಕಡೇನೇ ನೋಡ್ತಿದ್ರು."

ಅವಳು ಗುಂಡಿಗಳ ಡಬ್ಬಿಯಲ್ಲಿ ಬೆರಳಾಡಿಸಿ, ರೂಪಾಯಗಲದ ನೀಲಿ ಬಟ್ಟೆಯ ತುಂಡೊಂದನ್ನು ಹೆಕ್ಕಿ ಕೊಟ್ಟಳು. ಫೋನಿನ ಪರದೆಯಲ್ಲಿ ಕಾಣುತ್ತಿದ್ದ ಗುರುತೇ ಅದು. ಸುತ್ತ ಬಿಚ್ಚಿದ ಹೊಲಿಗೆಯ ತೂತುಗಳು.

ಮಾರನೇ ದಿನ. ಎಂದರೆ ಬದುಕಿದ್ದ. ಎಷ್ಟೋ ದಿನಗಳ ಮೇಲೆ ಇನ್‌ಸ್ಪೆಕ್ಟರಮ್ಮನ ಎದೆಯೊಳಗೆ ಏನೋ ಅಲುಗಿತು.

ಅಷ್ಟರಲ್ಲಿ ಕೈಯಲ್ಲಿದ್ದ ಫೋನೇ ಹೊಡೆದುಕೊಂಡಿತು. ಲಿಫ್ಟ್ ರಿಪೇರಿಯವನ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ದಿನ ಬೆಳಗಾದರೆ ಠಾಣೆಯ ಬೆಂಚಿನ ಮೇಲೆ ಬಂದು ಕೂರುತ್ತಾಳೆ, ಸ್ವೆಟರಿನ ತೋಳಿನ ತುದಿಯನ್ನು ಮುಷ್ಟಿಯೊಳಗೆ ಮಡಚಿಕೊಂಡು, ಚಳಿಯಾದವಳ ಹಾಗೆ. ಯಾರನ್ನೂ ಕಾಡುವುದಿಲ್ಲ. ಕಾಡಿದ್ದರೇ ಚೆನ್ನಾಗಿತ್ತು ಎಂದು ಇನ್‌ಸ್ಪೆಕ್ಟರಮ್ಮನಿಗೆ ಎಷ್ಟೋ ಸಲ ಅನ್ನಿಸಿದ್ದಿದೆ.

"ಏನಾದ್ರೂ ತಿಳೀತಾ ಮೇಡಂ?" ದಿನದ ಪ್ರಶ್ನೆ, ದಿನದ ದನಿ.

ತನಿಖೆಯ ಮಾತು ಹೊರಗೆ ಬಿಡಬಾರದು. ಅದನ್ನು ಹತ್ತು ಜನಕ್ಕೆ ಹೇಳಿಕೊಟ್ಟವಳು ಇನ್‌ಸ್ಪೆಕ್ಟರಮ್ಮನೇ. ಆದರೆ ದಿನವೂ 'ಇಲ್ಲ' ಎಂದು ಹೇಳಿ ಹೇಳಿ ನಾಲಿಗೆಗೂ ಸಾಕಾಗಿತ್ತು.

"ಒಂದು ಒಳ್ಳೆ ಸುದ್ದಿ ಇದೆಯಮ್ಮ. ಮಾರನೇ ದಿನ ಒಬ್ಬರು ಟೈಲರಮ್ಮ ಅವರನ್ನ ನೋಡಿದಾರೆ. ಅವರ ಅಂಗಡೀಲೇ ಇದೀನಿ. ಧೈರ್ಯವಾಗಿರಿ."

ಆ ಕಡೆ ಉಸಿರು ಎಳೆದುಕೊಂಡ ಸದ್ದು. ಆಮೇಲೆ, "ನಿಮಗೆ ಪುಣ್ಯ ಬರಲಿ" ಎಂಬ ಮಾತು. ಫೋನ್ ಇಟ್ಟಳು.

"ಅವರು ಒಬ್ಬರೇ ಬಂದಿದ್ರಾ?" ಇನ್‌ಸ್ಪೆಕ್ಟರಮ್ಮ ಮಾತಿನ ಎಳೆ ಹಿಡಿದಳು.

"ಒಳಗೆ ಬಂದದ್ದು ಒಬ್ಬರೇ. ಎದುರುಗಡೆ ಒಂದು ಕಾರು ನಿಂತಿತ್ತು. ಇವರು ಹೋದಾಗ ಕಿಟಕಿಯಿಂದ ಒಂದು ಕೈ ಹೊರಗೆ ಬಂತು, ಚೀಲ ತಗೊಳ್ಳೋಕೆ. ಹೆಂಗಸಿನ ಕೈ. ಮುಖ ಕಾಣಲಿಲ್ಲ ಅಂತಾನೇ ಬರೆದೆ."

"ಮತ್ತೇನಾದ್ರೂ?"

"ಬರೀದೇ ಇದ್ದದ್ದು ಒಂದಿದೆ." ಟೈಲರಮ್ಮನಿಗೆ ಸ್ವಲ್ಪ ನಾಚಿಕೆ. "ಉಣ್ಣೆ ತೋಳಿನ ಅಂಚು ಬಿಚ್ಚಿ ಹೋಗಿದ್ದನ್ನ ಯಾವುದೋ ಬಣ್ಣದ ದಾರದಲ್ಲಿ ಕೈಯಲ್ಲೇ ಹಾಕಿದ್ರು. ಎಂಥ ಹೊಲಿಗೆ ಅಂತೀರಾ, ಮೂಟೆ ಬಾಯಿ ಕಟ್ಟಿದ ಹಾಗೆ. ಪೊಲೀಸರಿಗೆ ಹೊಲಿಗೆ ಚೆನ್ನಾಗಿರಲಿಲ್ಲ ಅಂತ ಬರೆದ್ರೆ ನಗಲ್ವಾ? ನಾನು ಮುಖ ಮರೀತೀನಿ, ಹೊಲಿಗೆ ಮರೆಯಲ್ಲ."

ಇನ್‌ಸ್ಪೆಕ್ಟರಮ್ಮನ ಮನಸ್ಸಿನ ಅಂಚಿಗೆ ಏನೋ ತಾಗಿತು. ಹಿಡಿಯುವಷ್ಟರಲ್ಲಿ ಫೋನ್ ಮತ್ತೆ ಬಡಿದುಕೊಂಡಿತು. ಈ ಸಲ ಮಗ.

"ಅಮ್ಮಾ, ಬರ್ತಾ ಗಮ್ ತಗೊಂಡು ಬಾ. ದಪ್ಪ ಚಾರ್ಟೂ ಬೇಕು. ನಾಳೆ ಕೊಡಬೇಕು."

"ಇದನ್ನ ಯಾವಾಗ ಹೇಳಿದ್ರು?"

"ಹೋದ ವಾರ."

"ಅಜ್ಜಿಗೆ ಹೇಳು, ತರ್ತೀನಿ ಅಂತ." ಫೋನ್ ಇಟ್ಟಾಗ ಮನಸ್ಸಿಗೆ ತಾಗಿದ್ದು ಜಾರಿಹೋಗಿತ್ತು. ಅದರ ಜಾಗದಲ್ಲಿ ಗಮ್ ಕುಳಿತಿತ್ತು.

"ಬರೆದು ಕಳಿಸಿದ ಮೇಲೆ ಏನಾಯ್ತು?" ಕೇಳಿದಳು.

"ಉತ್ತರ ಬಂತು. 'ತಲುಪಿತು, ಧನ್ಯವಾದ. ಬೇರೆ ಯಾರಿಗೂ ಹೇಳಬೇಡಿ, ತನಿಖೆ ಕೆಡುತ್ತೆ' ಅಂತ. ನಾನು ಬಾಯಿಗೆ ಬೀಗ ಹಾಕ್ಕೊಂಡೆ. ಮೊನ್ನೆ, ಸಿಕ್ಕಿದ್ರೇನೋ ನೋಡೋಣ ಅಂತ ತೆಗೆದ್ರೆ ಹೀಗೆ."

ಅಂಥ ಉತ್ತರವನ್ನು ಠಾಣೆಯಿಂದ ಯಾರೂ ಬರೆದಿರಲಿಲ್ಲ. ಇನ್‌ಸ್ಪೆಕ್ಟರಮ್ಮ ಬಾಗಿ ಲ್ಯಾಪ್‌ಟಾಪಿನ ಪರದೆಯ ಮೇಲ್ಗಡೆ ನೋಡಿದಳು. ಪೋಸ್ಟರಿನ ವಿಳಾಸವನ್ನು ಮತ್ತೊಮ್ಮೆ ಒತ್ತಿಸಿದಳು. ಒತ್ತಿದ್ದು ಒಂದು, ಮೇಲಿನ ವಿಳಾಸದ ಪಟ್ಟಿಯಲ್ಲಿ ನಿಂತದ್ದು ಇನ್ನೊಂದು. ಕೇಂದ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲದ, ಕೇಳಿರದ ವಿಳಾಸ.

"ಇದನ್ನ ಒಂದು ದಿನ ನಮಗೆ ಕೊಡಿ. ಯಾರೂ ಇದರ ಒಂದು ಗುಂಡಿಯನ್ನೂ ಒತ್ತಬಾರದು."

"ಗಿರಾಕಿಗಳ ಅಳತೆಯೆಲ್ಲ ಅದರಲ್ಲೇ ಇದೆ, ಜೋಪಾನ."

"ನನ್ನದು ಅಳಿಸಿಹೋದ್ರೆ ಯಾರಿಗೂ ಬೇಜಾರಿಲ್ಲ" ಎಂದು ದೊಡ್ಡಪ್ಪ ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡ.

*

ಕೇಂದ್ರದ ಸರ್ವರ್ ಇದ್ದದ್ದು ಮಹಡಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಮೊದಲು ಪೊರಕೆ, ಬಕೆಟ್ಟು ಇಡುತ್ತಿದ್ದ ಜಾಗ. ಈಗಲೂ ಒಂದು ಪೊರಕೆ ಹಕ್ಕು ಬಿಡದೆ ಮೂಲೆಯಲ್ಲಿ ನಿಂತಿತ್ತು. ಕಪ್ಪು ಪೆಟ್ಟಿಗೆಗಳೊಳಗೆ ಫ್ಯಾನುಗಳು ಗುಂಯ್‌ಗುಟ್ಟುತ್ತಿದ್ದವು.

ಅದನ್ನು ನೋಡಿಕೊಳ್ಳುವವನಿಗೆ ಕೇಂದ್ರದವರೆಲ್ಲ ಟ್ರಾಫಿಕ್ ಎನ್ನುತ್ತಿದ್ದರು. ಕೆಲವು ತಿಂಗಳ ಹಿಂದೆ ಕೇಂದ್ರದ ವೆಬ್‌ಸೈಟು ಹಳೇ ಜಾಗದಿಂದ ಹೊಸ ಜಾಗಕ್ಕೆ ಬಂದಾಗ, ಹಳೇ ವಿಳಾಸಗಳಿಗೆ ಬರುವವರನ್ನೆಲ್ಲ ಹೊಸದಕ್ಕೆ ತಿರುಗಿಸಿ ಕಳಿಸುವ ಕೆಲಸ ಅವನ ತಲೆಗೆ ಬಿದ್ದಿತ್ತು. ಅಂದಿನಿಂದ ಆ ಹೆಸರು. ಕಣ್ಣ ಕೆಳಗೆ ಕಪ್ಪು, ಮೇಜಿನ ಮೇಲೆ ಮುಚ್ಚಳ ಕಳೆದುಕೊಂಡ ಹಾಲಿನ ಬಾಟಲಿ.

"ಮಗೂದಾ?" ಇನ್‌ಸ್ಪೆಕ್ಟರಮ್ಮ ಬಾಟಲಿ ನೋಡಿ ಕೇಳಿದಳು.

"ಹೂಂ ಮೇಡಂ. ಹಲ್ಲು ಬರ್ತಿದೆ. ಅವಳು ಎದ್ದಿದ್ರೆ ಮನೆಯೆಲ್ಲ ಎದ್ದಿರಬೇಕು."

"ಹಲ್ಲು ಬಂದ ಮೇಲೆ ಬೇರೆ ಶುರುವಾಗುತ್ತೆ" ಎಂದಳು ಅವಳು, ಸಮಾಧಾನ ಹೇಳುವಂತೆ. "ಈ ತಿರುಗಿಸೋ ಕೆಲಸ ಅಂತಾರಲ್ಲ, ಅದನ್ನ ನನಗೆ ಸ್ವಲ್ಪ ಬಿಡಿಸಿ ಹೇಳಿ."

ಟ್ರಾಫಿಕ್ ಒಂದು ಕಡತ ತೆರೆದ. ಪರದೆಯ ತುಂಬ ಸಾಲುಗಳು. ಪ್ರತಿ ಸಾಲಿನಲ್ಲೂ ಎರಡು ವಿಳಾಸ, ಎಲ್ಲಿಂದ, ಎಲ್ಲಿಗೆ. ಜೊತೆಗೆ ಎಲ್ಲ ಸಾಲಿಗೂ ಒಂದೇ ಅಂಕಿ, ಮುನ್ನೂರ ಒಂದು.

"ಅಂಗಡಿ ಬದಲಾಯಿಸಿದಾಗ ಹಳೇ ಬಾಗಿಲ ಮೇಲೆ ಚೀಟಿ ಅಂಟಿಸ್ತೀವಲ್ಲ, ಅಷ್ಟೇ ಇದು. ನೀವು ಹಳೇ ಬಾಗಿಲು ತಟ್ತೀರಾ. ಸರ್ವರ್ ಚೀಟಿ ತೋರಿಸುತ್ತೆ. ನಿಮ್ಮ ಬ್ರೌಸರು ಚೀಟಿ ಓದಿಕೊಂಡು ಹೊಸ ಬಾಗಿಲಿಗೆ ಹೋಗುತ್ತೆ. ರೆಪ್ಪೆ ಬಡಿಯೋದ್ರೊಳಗೆ. ನಿಮಗೆ ಗೊತ್ತೇ ಆಗಲ್ಲ."

"ಮುನ್ನೂರ ಒಂದು ಅಂದ್ರೆ?"

"ಚೀಟೀಲಿ ಎರಡು ಥರ. ಮುನ್ನೂರ ಎರಡು ಅಂತ ಹಾಕಿದ್ರೆ ತಾತ್ಕಾಲಿಕ. ಇವತ್ತು ಅಲ್ಲಿಗೆ ಹೋಗು, ನಾಳೆ ಮತ್ತೆ ಇಲ್ಲೇ ಬಂದು ಕೇಳು ಅಂತ. ಮುನ್ನೂರ ಒಂದು ಅಂದ್ರೆ ಶಾಶ್ವತ. ಬ್ರೌಸರು ಅದನ್ನ ನೆನಪಲ್ಲಿ ಇಟ್ಕೊಂಡುಬಿಡುತ್ತೆ. ಮುಂದಿನ ಸಲ ನಮ್ಮ ಬಾಗಿಲಿಗೆ ಬರೋದೇ ಇಲ್ಲ, ನೇರ ಅಲ್ಲಿಗೇ."

"ನನ್ನ ಭಾವಮೈದುನನ ಥರ" ಎಂದ ದೊಡ್ಡಪ್ಪ. "ಒಂದ್ಸಲ ಬೇಡ ಅಂದಿದ್ದಕ್ಕೆ ಇವತ್ತಿಗೂ ಮನೆಗೆ ಬರಲ್ಲ."

"ಬ್ರೌಸರು ತಾನಾಗಿ ಏನಾದ್ರೂ ಕಲ್ಪಿಸಿಕೊಂಡು ನೆನಪಿಟ್ಕೊಳ್ಳೋದುಂಟಾ?" ಇನ್‌ಸ್ಪೆಕ್ಟರಮ್ಮ ಕೇಳಿದಳು.

"ಛೇ, ಇಲ್ಲ. ಅದಕ್ಕೆಲ್ಲಿ ಸ್ವಂತ ಬುದ್ಧಿ. ಸರ್ವರ್ ಏನು ಹೇಳಿತೋ ಅಷ್ಟೇ."

"ಇಲ್ಲಿ ಎಲ್ಲಾನೂ ಶಾಶ್ವತ ಅಂತಾನೇ ಇದೆ."

"ಜಾಗ ಬಿಟ್ಟಿದ್ದು ಶಾಶ್ವತಕ್ಕೆ ತಾನೆ ಮೇಡಂ. ಹೊಸ ಸಾಲು ಬೇಕಂದ್ರೆ ಮೇಲಿನ ಸಾಲು ನಕಲು ಮಾಡ್ತೀನಿ, ವಿಳಾಸ ಬದಲಾಯಿಸ್ತೀನಿ. ಅಂಕಿ ಮುಟ್ಟೋ ಪ್ರಮೇಯಾನೇ ಬರಲ್ಲ."

"ಲಿಫ್ಟ್ ರಿಪೇರಿಯವರ ಪುಟಕ್ಕೆ ಇಂಥ ಚೀಟಿ ಯಾವತ್ತಾದ್ರೂ ಇತ್ತಾ?"

"ಇಲ್ಲ." ಉತ್ತರ ಸ್ವಲ್ಪ ಬೇಗನೇ ಬಂತು. "ಅದು ಹೊಸ ಜಾಗಕ್ಕೆ ಬಂದ ಮೇಲೆ ಮಾಡಿದ ಪುಟ. ಅದಕ್ಕೆ ಚೀಟಿ ಯಾಕೆ? ಬೇಕಾದ್ರೆ ನೋಡಿಕೊಳ್ಳಿ, ಎಲ್ಲ ಸಾಲೂ ನಿಮ್ಮ ಕಣ್ಣ ಮುಂದೇನೇ ಇದೆ."

ಅವಳು ನೋಡಿದಳು. ಆ ಪುಟದ ಹೆಸರು ಎಲ್ಲೂ ಇರಲಿಲ್ಲ. ಕಡತ ಗುಡಿಸಿ ಸಾರಿಸಿದ ಹಾಗಿತ್ತು.

"ದೊಡ್ಡಪ್ಪ, ಇಲ್ಲಿಡಿ."

ದೊಡ್ಡಪ್ಪ ಬಾಟಲಿಯನ್ನು ಆಚೆ ಸರಿಸಿ, ಲ್ಯಾಪ್‌ಟಾಪ್ ಇಟ್ಟು ಮುಚ್ಚಳ ತೆರೆದ. ಇನ್‌ಸ್ಪೆಕ್ಟರಮ್ಮ ಪೋಸ್ಟರಿನ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಒತ್ತಿದಳು. ಬೋಳು ಪುಟ ಬಂತು, ಮೇಲೆ ಆ ಪರಕೀಯ ವಿಳಾಸ.

ಟ್ರಾಫಿಕ್ ಆ ವಿಳಾಸವನ್ನು ನೋಡಿದ.

"ಓ, ಇದಾ. ಇದು ಏನೂ ಇಲ್ಲ ಮೇಡಂ." ಅವನ ಕೈ ಆಗಲೇ ಕೀಲಿಗಳ ಕಡೆ ಬರುತ್ತಿತ್ತು. "ಹಳೇ ನೆನಪು ಸಿಕ್ಕಾಕೊಂಡಿದೆ. ಅಳಿಸಿದ್ರೆ ಸರಿಹೋಗುತ್ತೆ. ಒಂದು ನಿಮಿಷ ಕೊಡಿ."

ದೊಡ್ಡಪ್ಪನ ಅಂಗೈ ಆ ಕೈಯ ಮೇಲೆ ಕೂತಿತು. ಒತ್ತಲಿಲ್ಲ. ಭಾರವೇ ಸಾಕಾಗಿತ್ತು.

"ಯಾವುದರ ನೆನಪು?" ಎಂದಳು ಇನ್‌ಸ್ಪೆಕ್ಟರಮ್ಮ.

ಟ್ರಾಫಿಕ್ ಆ ಅಂಗೈಯಡಿಯಿಂದ ತನ್ನ ಕೈ ಬಿಡಿಸಿಕೊಂಡ.

"ಬ್ರೌಸರಿಗೆ ಸ್ವಂತ ಬುದ್ಧಿ ಇಲ್ಲ ಅಂದ್ರಿ. ನಿಮ್ಮ ಸರ್ವರ್ ಹೇಳಿದ್ದೇ ಅದರ ನೆನಪು ಅಂದ್ರಿ. ಆ ಪುಟಕ್ಕೆ ಚೀಟೀನೇ ಇರಲಿಲ್ಲ ಅಂತಾನೂ ಅಂದ್ರಿ. ಇಲ್ಲದ ಚೀಟೀನ ಈ ಲ್ಯಾಪ್‌ಟಾಪ್ ಎಲ್ಲಿ ಓದಿತು?"

ಅವಳ ದನಿ ಏರಲಿಲ್ಲ. ಮನೆಯಲ್ಲಿ, ಲೋಟ ಒಡೆದದ್ದು ಯಾರು ಎಂದು ಕೇಳುವಾಗಲೂ ಅವಳು ಹೀಗೇ ಕೇಳುತ್ತಿದ್ದಳು. ಉತ್ತರ ಗೊತ್ತಿದ್ದೂ, ಅವರ ಬಾಯಿಂದಲೇ ಬರಲಿ ಎಂದು ಕಾಯುವ ಸುಸ್ತಾದ ದನಿ.

ಟ್ರಾಫಿಕ್ ಕುರ್ಚಿಗೆ ಕುಸಿದ. "ಮೇಡಂ, ನನ್ನ ಕೆಲಸ ಹೋಗುತ್ತೆ."

"ಇನ್ನೊಬ್ಬರ ಜೀವ ಹೋಗೋದ್ರಲ್ಲಿದೆ."

"ಕೇಂದ್ರದ ಅಧ್ಯಕ್ಷರ ಒಪ್ಪಿಗೆ ಇಲ್ಲದೆ ಒಂದು ಸಾಲೂ ಹಾಕಬಾರದು ಅಂತ ಕಟ್ಟಪ್ಪಣೆ. ಆದ್ರೆ ಕೇಳಿದ್ದು ಹೊರಗಿನವರಲ್ಲ, ಕಾಣೆಯಾದವರ ಮನೆಯವರೇ. ಬಂದು ಇಲ್ಲೇ ಕೂತು ಅತ್ತರು. ಜನ ಸುಳ್ಳು ಸುಳ್ಳು ಸುದ್ದಿ ಕಳಿಸ್ತಾರೆ, ಅದನ್ನ ಓದಿ ಓದಿ ಪೊಲೀಸರಿಗೂ ಸಾಕಾಗಿದೆ. ಮೊದಲು ನಾವೇ ನೋಡಿ, ನಿಜವಾದದ್ದನ್ನ ಠಾಣೆಗೆ ಕೊಡ್ತೀವಿ, ಕೆಲವು ದಿನ ಮಾತ್ರ ನಮ್ಮ ಪುಟಕ್ಕೆ ತಿರುಗಿಸಿಕೊಡಿ ಅಂದ್ರು. ಇದೇ ಫೋಟೋ, ಇದೇ ಮಾತು, ಎಲ್ಲ ಕೇಂದ್ರದ ಪುಟದ ಹಾಗೇ ಮಾಡಿಸಿಕೊಂಡು ಬಂದಿದ್ರು. ನಿಮ್ಮನ್ನ ಕೇಳಿಬಿಡೋಣ ಅಂತ ಠಾಣೆಗೆ ಫೋನ್ ಮಾಡಿದೆ. ನೀವು ರಜ, ಮಗನಿಗೆ ಜ್ವರ ಅಂದ್ರು."

ಅವಳು ರಜ ಹಾಕಿದ್ದು ಅದೊಂದು ವಾರ. ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಾಯಿಸುತ್ತ ಕೂತಿದ್ದ ವಾರ. ಆ ಪುಟವನ್ನು ಒಮ್ಮೆಯೂ ತೆರೆದಿರಲಿಲ್ಲ. ತೆರೆದಿದ್ದರೆ ತನ್ನ ಫೋನೂ ಈ ಲ್ಯಾಪ್‌ಟಾಪಿನ ಹಾಗೆಯೇ ದಾರಿ ತಪ್ಪಿರುತ್ತಿತ್ತು.

"ನಾನು ಕೆಲಸಕ್ಕೆ ಮರಳಿದ ಮೇಲೆ?"

"ಅವತ್ತೇ ಫೋನ್ ಬಂತು, ಇನ್ನು ಬೇಡ, ತೆಗೆದುಬಿಡಿ ಅಂತ. ಸಾಲು ಅಳಿಸಿದೆ. ಅವರೂ ತಮ್ಮ ಪುಟ ಮುಚ್ಚಿದ್ರು ಅನ್ಸುತ್ತೆ. ಅಲ್ಲಿಗೆ ಮುಗೀತು ಅಂದ್ಕೊಂಡೆ."

"ಕೆಲವೇ ದಿನಕ್ಕೆ ಅಂತ ಗೊತ್ತಿದ್ದೂ ಶಾಶ್ವತ ಅಂತ ಯಾಕೆ ಬರೆದ್ರಿ?"

ಟ್ರಾಫಿಕ್ ತನ್ನ ಬೆರಳುಗಳನ್ನೇ ನೋಡಿಕೊಂಡ, ಅವು ಬೇರೆ ಯಾರದ್ದೋ ಎಂಬ ಹಾಗೆ.

"ಮೇಲಿನ ಸಾಲು ನಕಲು ಮಾಡಿದೆ ಮೇಡಂ."

ದೊಡ್ಡಪ್ಪ ನಗಬೇಕೋ ಬೇಡವೋ ತಿಳಿಯದೆ ಮೀಸೆ ಸವರಿಕೊಂಡ. ಇವನ ಕೈ ರೂಢಿ ತಪ್ಪಿ ಮುನ್ನೂರ ಎರಡು ಎಂದು ಒತ್ತಿದ್ದರೆ ಈ ಲ್ಯಾಪ್‌ಟಾಪ್ ಎಂದೋ ಮರೆತುಬಿಟ್ಟಿರುತ್ತಿತ್ತು. ಟೈಲರಮ್ಮ ಬಾಯಿಗೆ ಬೀಗ ಹಾಕಿಕೊಂಡೇ ಇರುತ್ತಿದ್ದಳು.

"ಮನೆಯವರು ಅಂದ್ರಿ. ಯಾರು?"

"ಅವರ ಅಕ್ಕ."

ಇನ್‌ಸ್ಪೆಕ್ಟರಮ್ಮ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು. ಬೆಳಗಿನಿಂದ ಹೊತ್ತು ತಿರುಗಿದ್ದ ಆಯಾಸ ಒಮ್ಮೆಲೇ ಮೈಬಿಟ್ಟು ಇಳಿಯಿತು. ಅದರ ಹಿಂದೆಯೇ ಅದಕ್ಕಿಂತ ಕೆಟ್ಟದ್ದೊಂದು ಮೈಗೇರಿತು.

ತಮ್ಮನನ್ನು ಹುಡುಕಿಕೊಡಿ ಎಂದು ದಿನಾ ಬಂದು ಕೂರುವವಳು. ಆ ಬೆಂಚಿನಿಂದ ಠಾಣೆಗೆ ಬರುವವರು, ಹೋಗುವವರು, ಮೇಜಿನ ಮೇಲಿನ ಫೋನು, ಎಲ್ಲ ಕಾಣುತ್ತದೆ. ಮಗನಿಗೆ ಜ್ವರ ಎಂದಾಗ 'ಹೇಗಿದಾನೆ ಪಾಪು' ಎಂದು ಕೇಳಿದವಳೂ ಅವಳೇ. ಮತ್ತು ಮುಷ್ಟಿಯೊಳಗೆ ಮಡಚಿಟ್ಟುಕೊಳ್ಳುತ್ತಿದ್ದ ಆ ತೋಳಿನ ತುದಿ. ಚಳಿಗಲ್ಲ. ಒಮ್ಮೆ ನೀರು ಕುಡಿಯಲು ಕೈ ಬಿಚ್ಚಿದಾಗ ಕಂಡಿತ್ತು. ಕಂದು ಉಣ್ಣೆಯ ಮೇಲೆ ಬಿಳಿ ದಾರ, ಮೂಟೆ ಬಾಯಿ ಕಟ್ಟಿದಂಥ ಹೊಲಿಗೆ. ಯಾರಾದರೂ ನೋಡಿಬಿಟ್ಟಾರು ಎಂಬ ಬಡತನದ ನಾಚಿಕೆ ಎಂದುಕೊಂಡಿದ್ದಳು ಇವಳು.

"ದೊಡ್ಡಪ್ಪ, ಠಾಣೆಗೆ ಫೋನ್ ಮಾಡಿ. ಬೆಂಚಿನ ಮೇಲೆ ಇದಾಳಾ ಕೇಳಿ."

ದೊಡ್ಡಪ್ಪ ಕೇಳಿದ. ಕೇಳಿಸಿಕೊಂಡ. ಫೋನನ್ನು ಕಿವಿಯಿಂದ ನಿಧಾನವಾಗಿ ಇಳಿಸಿದ.

"ಇಲ್ಲವಂತೆ. ನಿಮ್ಮ ಜೊತೆ ಫೋನಲ್ಲಿ ಮಾತಾಡಿದವಳೇ ಎದ್ದು ಹೋದಳಂತೆ. ನೀರಿನ ಬಾಟಲಿ ಕೂಡ ಬಿಟ್ಟು."

ಇನ್‌ಸ್ಪೆಕ್ಟರಮ್ಮ ಟೈಲರಮ್ಮನ ನಂಬರು ಒತ್ತಿದಳು. ಗಂಟೆ ಹೊಡೆಯಿತು. ಹೊಡೆಯುತ್ತಲೇ ಇತ್ತು. ದೊಡ್ಡಪ್ಪ ಆಗಲೇ ಜೀಪಿನ ಕೀಲಿ ಹಿಡಿದು ಬಾಗಿಲಲ್ಲಿದ್ದ.

ಕೊನೆಗೆ ಫೋನ್ ಎತ್ತಿದರು. ಮೊದಲು ಕೇಳಿದ್ದು ಹೊಲಿಗೆ ಯಂತ್ರದ ಟರಟರ.

"ಹೇಳಿ ಮೇಡಂ." ದಿನದ ದನಿ. ಬೆಂಚಿನ ಮೇಲಿನ ದನಿ. "ಟೈಲರಮ್ಮನ ಕೈಯಲ್ಲಿ ಕೆಲಸ ಇದೆ, ಅದಕ್ಕೇ ನಾನೇ ಎತ್ತಿದೆ. ತಮ್ಮನ್ನ ಕಣ್ಣಾರೆ ಕಂಡವರ ಜೊತೆ ಎರಡು ಮಾತಾಡೋಣ ಅಂತ ಬಂದೆ. ನೀವೇ ಹೇಳಿದ್ರಲ್ಲ."

"ಫೋನ್ ಅವರಿಗೆ ಕೊಡಿ." ತನ್ನ ದನಿ ಸಹಜವಾಗಿರಲಿ ಎಂದು ಇನ್‌ಸ್ಪೆಕ್ಟರಮ್ಮ ಗೋಡೆಗೆ ಕೈ ಊರಿ ನಿಂತಳು.

"ಕೊಡ್ತೀನಿ, ಇರಿ. ಸುಮ್ಮನೆ ಕೂರೋಕೆ ಸಂಕೋಚ ಆಯ್ತು ಅಂತ ನನ್ನ ಸ್ವೆಟರ್ ಕೊಟ್ಟಿದೀನಿ. ಬೇರೆಯವರದ್ದು ಮುಗಿಸಿ ಈಗ ಕೈಗೆ ತಗೋತಿದಾರೆ. ಒಂದು ತೋಳು ಬಿಚ್ಚಿ ಹೋಗಿತ್ತು, ನಾನೇ ಏನೋ ಹಾಕಿಕೊಂಡಿದ್ದೆ."

ಹಿಂದೆ ಯಂತ್ರದ ಸದ್ದು ನಿಂತಿತು. ಸ್ಟೂಲೊಂದು ನೆಲಕ್ಕೆ ಉಜ್ಜಿತು. ಆಮೇಲೆ ಟೈಲರಮ್ಮನ ದನಿ, "ಈ ಹೊಲಿಗೆ..." ಎಂದು ಶುರುವಾಗಿ ಅಲ್ಲೇ ನಿಂತಿತು.